ದೋಣಿ ಹತ್ತುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಅಟ್ಲಾಂಟಿಕ್ ಸಾಗರ ದಾಟಿ ಕೆರಿಬಿಯನ್‌ನ ಸೇಂಟ್ ಲೂಸಿಯಾಗೆ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ ಸುಮಾರು 5,000 ಕಿಲೋಮೀಟರ್. ನಮ್ಮ 40 ಅಡಿಯ ಹಾಯಿದೋಣಿಗೆ ಹೆಚ್ಚುಕಡಿಮೆ ಮೂರು ವಾರದ ದಾರಿ. ಅಷ್ಟು ದಿನ ಸುಮ್ನೆ ಕೂತು ಏನು ಮಾಡುವುದು ಅಂತ ಕೆಲವರು ಕೇಳಿದ್ದೀರಿ. ಕೂರುವುದಕ್ಕೆ ಪುರುಸೊತ್ತು ಸಿಕ್ಕರೆ ತಾನೇ!

ಹಗಲು ನಾಲ್ಕು ಗಂಟೆ, ರಾತ್ರಿ ಮೂರು ಗಂಟೆಯ ಕಾವಲು ಪಾಳಿ. ದೂರದಲ್ಲಿ ಚುಕ್ಕಿಯಂತೆ ಕಂಡ ಸರಕು ಹಡಗು ಇಪ್ಪತ್ತು ನಿಮಿಷದಲ್ಲಿ ಮೈಮೇಲೆ ಬಂದಿರುತ್ತದೆ. ಹಾಗಾಗಿ ಪಾಳಿಯಲ್ಲಿ ಮೊಬೈಲ್ ಬೇಡ. ಕತ್ತಲಾದ ಮೇಲೆ ಡೆಕ್ಕಿಗೆ, ಅಂದರೆ ದೋಣಿಯ ಮೇಲ್ಭಾಗಕ್ಕೆ, ಬರುವವರು ಸೊಂಟದ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಂಡೇ ಬರಬೇಕು. ಇದರಲ್ಲಿ ಮಾತ್ರ ವಾದ ಮಾಡಬೇಡಿ.

ಅಡುಗೆ ವಿಷಯ. ದೋಣಿ ವಾಲಿದರೂ ಒಲೆ ತೂಗಾಡಿ ಮಟ್ಟವಾಗಿಯೇ ನಿಲ್ಲುತ್ತದೆ. ಆದರೂ ಪಾತ್ರೆ ಅರ್ಧ ಮಾತ್ರ ತುಂಬಿಸಿ. ನನ್ನ ಪ್ರಕಾರ ಸಮುದ್ರಕ್ಕೆ ಕುಕ್ಕರ್‌ಗಿಂತ ಒಳ್ಳೆಯ ಪಾತ್ರೆ ಇಲ್ಲ: ಚೆಲ್ಲುವುದಿಲ್ಲ, ಗ್ಯಾಸೂ ಉಳಿಯುತ್ತದೆ. ಟೊಮೆಟೊ, ಸೊಪ್ಪು ಬೇಗ ಮುಗಿಸಿ. ಕೊನೆಯವರೆಗೂ ಉಳಿಯುವುದು ಎಲೆಕೋಸು, ಈರುಳ್ಳಿ, ಆಲೂಗಡ್ಡೆ. ರಟ್ಟಿನ ಪೆಟ್ಟಿಗೆ ಒಳಗೆ ತರಲೇಬೇಡಿ, ಜೊತೆಗೆ ಜಿರಲೆ ಮೊಟ್ಟೆಯೂ ಬರುತ್ತದೆ. ಪಾತ್ರೆ ತೊಳೆಯುವುದು, ಸ್ನಾನ ಎಲ್ಲ ಉಪ್ಪುನೀರಲ್ಲೇ. ಸಿಹಿನೀರು ಕುಡಿಯುವುದಕ್ಕೆ, ಅಡುಗೆಗೆ. ಬೆಳಗ್ಗೆ ಡೆಕ್ ಮೇಲೆ ಹಾರುಮೀನು ಬಿದ್ದಿರುತ್ತವೆ. ತಿನ್ನುವವರು ತಿನ್ನಿ, ನಾನಂತೂ ಮುಟ್ಟುವುದಿಲ್ಲ.

ಮೊದಲ ಎರಡು ಮೂರು ದಿನ ವಾಂತಿ ಬಹಳ ಜನರಿಗೆ ಆಗುತ್ತದೆ, ನಾಚಿಕೆ ಬೇಡ. ಮಾತ್ರೆಯನ್ನು ಹೊರಡುವ ಮುಂಚೆಯೇ ತಗೊಳ್ಳಿ. ನೀವು ದಿನಾ ತಗೊಳ್ಳುವ ಔಷಧಿಗಳ ಪಟ್ಟಿಯನ್ನು ಶುಕ್ರವಾರದೊಳಗೆ ನನಗೆ ಖಾಸಗಿಯಾಗಿ ಕಳಿಸಿ.