ಪತ್ರಿಕೆಗೆ ಬರಹ, ಚಿತ್ರ ಕಳಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜು ಪತ್ರಿಕೆಗೆ ಕವಿತೆ, ಪ್ರಬಂಧ, ಚಿತ್ರ ಕಳಿಸಲು ಬರುವ ಶುಕ್ರವಾರ ಸಂಜೆ 5 ಗಂಟೆ ಕೊನೆ. ಎಲ್ಲ ವರ್ಷದವರೂ ಕಳಿಸಬಹುದು. ಮೊದಲ ವರ್ಷದವರು ದಯವಿಟ್ಟು ಹಿಂಜರಿಯಬೇಡಿ. 1919ರಲ್ಲಿ ಶುರುವಾದ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ಕೂಡ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲೇ ಹುಟ್ಟಿದ್ದು ಅಲ್ವಾ!

ಈ ಸಲ ಕವಿತೆ ಜಾಸ್ತಿ ಬಂದಿವೆ, ಪ್ರಬಂಧ ಮಾತ್ರ ಮೂರೇ. ಹಾಸ್ಟೆಲ್ ಊಟ, ಊರಿನ ಬಸ್ಸು, ಅಜ್ಜಿಯ ಅಡುಗೆಮನೆ, ಯಾವುದಾದರೂ ಸರಿ. ಆದರೆ ನಡೆದದ್ದನ್ನೇ ಬರೆಯಿರಿ, ಕಥೆ ಕಟ್ಟಬೇಡಿ. ಮನೆಯವರ ಅಥವಾ ಗೆಳೆಯರ ಖಾಸಗಿ ವಿಷಯ ಇದ್ದರೆ ಮೊದಲು ಅವರನ್ನು ಕೇಳಿ. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ.

ಬರಹ ಯೂನಿಕೋಡ್‌ನಲ್ಲಿ ಇರಲಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೊಬೈಲ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಕೈಬರಹ ಕೊಟ್ಟರೂ ಪರವಾಗಿಲ್ಲ, ನಾವೇ ಟೈಪ್ ಮಾಡುತ್ತೇವೆ. ಚಿತ್ರಗಳನ್ನು 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) ಸ್ಕ್ಯಾನ್ ಮಾಡಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅಚ್ಚಿನಲ್ಲಿ ಮಸುಕಾಗುತ್ತದೆ.

ಮಧ್ಯದಲ್ಲಿ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಹಾಗಾಗಿ ತಡವಾಗಿ ಬಂದ ಒಂದೇ ಒಂದು ಪುಟ ಸೇರಿಸುವುದೂ ನಿಜಕ್ಕೂ ಕಷ್ಟ.

ಕರಡು ತಿದ್ದಲು ಇನ್ನೂ ನಾಲ್ಕು ಜನ ಬೇಕು. ಶನಿವಾರ ಮಧ್ಯಾಹ್ನ ಬಿಡುವಿರುವವರು ‘ನಾನು ಬರ್ತೀನಿ’ ಅಂತ ಇಲ್ಲೇ ಹಾಕಿ.