ಹದಿನೆಂಟು ತುಂಬಿದ ಮೇಲಿನ ಪೋಷಕತ್ವ

ಮಾನ್ಯ ಸಂಪಾದಕರೇ,

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಗುವಿಗೆ 18 ವರ್ಷ ತುಂಬಿದೊಡನೆ ಕಾನೂನಿನ ಪ್ರಕಾರ ತಂದೆತಾಯಿಯ ಸ್ವಾಭಾವಿಕ ಪೋಷಕತ್ವ ಮುಗಿಯುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಾಗುವುದೇ ಬ್ಯಾಂಕಿನಲ್ಲಿ ಸಹಿಯ ಪ್ರಶ್ನೆ ಎದ್ದಾಗ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾಧಿಕಾರಿಯನ್ನು ಒಳಗೊಂಡ ಸ್ಥಳೀಯ ಮಟ್ಟದ ಸಮಿತಿಯು ತಂದೆತಾಯಿ ಅಥವಾ ಬಂಧುಗಳ ಅರ್ಜಿಯನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ‘ನಮ್ಮ ನಂತರ ಇವನಿಗೆ ಯಾರು’ ಎಂದು ಕೊರಗುವ ತಾಯಂದಿರಿಗೆ ಇಷ್ಟು ಮುಖ್ಯವಾದ ಸಂಗತಿಯನ್ನು ಯಾರೂ ತಿಳಿಸದಿರುವುದು ಅನ್ಯಾಯವೆಂದೇ ನನ್ನ ಭಾವನೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ವಿತರಿಸುವಾಗಲೇ ಈ ಮಾಹಿತಿಯನ್ನು ಕನ್ನಡದಲ್ಲಿ ಮುದ್ರಿಸಿ ಕೊಡಬೇಕು. ಹಾಸಿಗೆ ಹಿಡಿದವರನ್ನು ಜಿಲ್ಲಾ ಕೇಂದ್ರಕ್ಕೆ ಹೊತ್ತು ತರುವ ಪಾಡು ತಪ್ಪುವಂತೆ, ಸಮಿತಿಗಳು ತಾಲ್ಲೂಕು ಮಟ್ಟದಲ್ಲಿಯೇ ಅರ್ಜಿ ಸ್ವೀಕರಿಸಿ ವಿಚಾರಣೆ ನಡೆಸಬೇಕೆಂದು ಸರ್ಕಾರವನ್ನು ಕೋರುತ್ತೇನೆ.

– ಓರ್ವ ತಾಯಿ, ಹಾಸನ