ಹೊಸ ಸಾಲಕ್ಕೆ ಮೊದಲು ಹಳೆಯ ಸಹಿ

ಶಿವಮೊಗ್ಗ

ಚಿ|| ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನಗೆ ಬರೆಯುವ ಪತ್ರಗಳನ್ನೆಲ್ಲ ‘ಚಿ|| ಸೌ||’ ಎಂದು ಆರಂಭಿಸುವುದು ನನ್ನ ರೂಢಿಯಾಗಿತ್ತು. ಈ ಸಲ ಆ ಎರಡನೆಯ ಅಕ್ಷರವನ್ನು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದು, ಕಡೆಗೆ ಬಿಟ್ಟೆ. ನೀನು ತಪ್ಪು ತಿಳಿಯುವವಳಲ್ಲ.

ಮೈಸೂರಿನಲ್ಲಿ 22 ಲಕ್ಷದ ಫ್ಲ್ಯಾಟ್ ನೋಡಿರುವುದಾಗಿಯೂ, ನಿನ್ನ ಸಂಬಳ 26,000 ಮತ್ತು ಕೋರ್ಟು ಕೊಡಿಸಿರುವ ಜೀವನಾಂಶ 8,000 ಸೇರಿಸಿದರೆ 16 ಲಕ್ಷ ಸಾಲ ಸುಲಭವಾಗಿ ಸಿಗುತ್ತದೆಂದು ಏಜೆಂಟ್ ಹೇಳಿದ್ದಾಗಿಯೂ ನಿನ್ನಮ್ಮ ತಿಳಿಸಿದಳು. ಇಪ್ಪತ್ತಾರು ವರ್ಷ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕುಳಿತು ಎದ್ದವಳಾದ್ದರಿಂದ, ಸಾಲ ಸಿಗುವುದೂ ಸಾಲ ತೀರುವುದೂ ಬೇರೆ ಬೇರೆ ಎಂಬುದನ್ನು ಬಲ್ಲೆ. ಆದರೆ ನಿನ್ನ ವಿಷಯದಲ್ಲಿ ಇವೆರಡಕ್ಕೂ ಮೊದಲು ಬಿಡಿಸಿಕೊಳ್ಳಬೇಕಾದ ಗಂಟೊಂದಿದೆ. ಅದನ್ನು ಯಾವ ಏಜೆಂಟನೂ ನಿನಗೆ ಹೇಳುವುದಿಲ್ಲ.

ಬೆಂಗಳೂರಿನ ಮನೆಯ ಸಾಲಪತ್ರಕ್ಕೆ ನಿನ್ನದೂ ನಿನ್ನ ಗಂಡನದೂ ಇಬ್ಬರ ಸಹಿಯೂ ಇದೆ. ಕಂತನ್ನು ಅವನೇ ಕಟ್ಟುತ್ತಿದ್ದಾನೆ ಎಂಬುದು ನಿಮ್ಮ ನಡುವಿನ ಮಾತೇ ಹೊರತು ಬ್ಯಾಂಕಿಗೆ ಸಂಬಂಧಿಸಿದ್ದಲ್ಲ. ನಾಳೆ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಕರಾರಿನಲ್ಲಿ ‘ಸಾಲದ ಹೊಣೆ ಗಂಡನದು’ ಎಂದು ಬರೆದು ನ್ಯಾಯಾಲಯ ಅದನ್ನು ಅಂಗೀಕರಿಸಿದರೂ, ಆ ಕರಾರಿಗೆ ಬ್ಯಾಂಕು ಸಹಿ ಹಾಕಿಲ್ಲವಾದ್ದರಿಂದ ಇಡೀ ಸಾಲಕ್ಕೆ ನೀನೂ ಹೊಣೆಗಾರಳಾಗಿಯೇ ಉಳಿಯುತ್ತೀಯೆ. ಹೊಸ ಸಾಲಕ್ಕೆ ಅರ್ಜಿ ಹಾಕಿದೊಡನೆ ಸಿಬಿಲ್ ವರದಿಯಲ್ಲಿ, ಎಂದರೆ ನಿನ್ನ ಸಾಲಗಳ ಚರಿತ್ರೆಯ ಪಟ್ಟಿಯಲ್ಲಿ, ಆ ಹಳೆಯ ಕಂತು ಎದ್ದು ಕಾಣುತ್ತದೆ. ಅದನ್ನು ನಿನ್ನ ಸಂಬಳದಲ್ಲಿ ಕಳೆದರೆ ಉಳಿಯುವುದೇನು? ನನ್ನ ಮೇಜಿನ ಮುಂದೆ ಹೀಗೆಯೇ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಎರಡು ವರ್ಷದ ಹಿಂದೆಯೇ ಬೇರೆಯಾಗಿದ್ದ ಗಂಡ ನಾಲ್ಕು ಕಂತು ತಪ್ಪಿಸಿದ್ದ. ಆ ಕಳಂಕ ಇವಳ ವರದಿಯಲ್ಲೂ ಅಚ್ಚೊತ್ತಿ ಕೂತಿತ್ತು, ಮತ್ತು ಅದು ಅವಳಿಗೆ ಗೊತ್ತಾದದ್ದು ನನ್ನ ಬಾಯಿಂದಲೇ.

ಆದ್ದರಿಂದ ಮೊದಲು ನಿನ್ನ ವರದಿಯನ್ನು ತೆಗೆಸಿ ನೋಡು. ವರ್ಷಕ್ಕೊಮ್ಮೆ ಅದು ಉಚಿತ. ಆಮೇಲೆ ಆ ಮನೆಯನ್ನು ಮಾರಿ ಸಾಲ ಮುಗಿಸುವುದೋ, ಅವನು ಬೇರೆ ಬ್ಯಾಂಕಿನಿಂದ ತನ್ನೊಬ್ಬನ ಹೆಸರಿನಲ್ಲಿ ಸಾಲ ಪಡೆದು ಇದನ್ನು ತೀರಿಸುವುದೋ, ಇಲ್ಲವೇ ಈಗಿನ ಬ್ಯಾಂಕೇ ನಿನ್ನನ್ನು ಬಿಡುಗಡೆ ಮಾಡಿ ಬರೆದುಕೊಡುವುದೋ, ಯಾವುದಾದರೊಂದು ಆಗಲೇಬೇಕು. ಇದರಲ್ಲಿ ಯಾವುದು ಮೊದಲು ಎಂಬುದೇ ಮುಖ್ಯ. ‘ನೀನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು, ಸಾಲದ ವಿಷಯ ಆಮೇಲೆ ನೋಡೋಣ’ ಎಂದು ಅವನ ಕಡೆಯವರು ಎಷ್ಟು ನಯವಾಗಿ ಕೇಳಿದರೂ ಒಪ್ಪಬೇಡ. ಒಪ್ಪಿದರೆ ಮನೆ ಅವನದಾಗುತ್ತದೆ, ಸಾಲ ಮಾತ್ರ ನಿನ್ನ ಕೊರಳಿನಲ್ಲಿ ಉಳಿಯುತ್ತದೆ. ಬ್ಯಾಂಕಿನ ಬಿಡುಗಡೆಯ ಕಾಗದ ಕೈಗೆ ಬಂದ ದಿನವೇ ನಿನ್ನ ಸಹಿ. ಅದಕ್ಕಿಂತ ಒಂದು ದಿನ ಮುಂಚೆಯೂ ಅಲ್ಲ.

ಇನ್ನು ಜೀವನಾಂಶದ ಮಾತು. ಕೋರ್ಟಿನ ಆದೇಶವಿದ್ದು, ಹಣ ಪ್ರತಿ ತಿಂಗಳೂ ಖಾತೆಗೆ ಜಮೆಯಾಗುತ್ತಿದ್ದರೆ ಕೆಲವರು ಅದನ್ನೂ ಆದಾಯವೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ನೀನು ಹಿಡಿಯಬೇಡ. ಅದು ಮಗುವಿನ ಶಾಲೆಗೆ, ಔಷಧಿಗೆ ಇರಲಿ. ಅದು ನಿಂತ ತಿಂಗಳೂ ಕಂತು ನಿಲ್ಲಬಾರದು. ಸಂಬಳವೊಂದನ್ನೇ ಮುಂದಿಟ್ಟುಕೊಂಡರೆ ತಿಂಗಳಿಗೆ ಹತ್ತು ಸಾವಿರಕ್ಕಿಂತ ಹೆಚ್ಚಿನ ಕಂತು ನಿನ್ನ ಶಕ್ತಿಗೆ ಮೀರಿದ್ದೆಂದು ನನ್ನ ಅಭಿಪ್ರಾಯ. ಶೇ. 9ರ ಬಡ್ಡಿಯಲ್ಲಿ 11 ಲಕ್ಷಕ್ಕೆ 20 ವರ್ಷದ ಅವಧಿಯಾದರೆ ಕಂತು ಸುಮಾರು 9,900 ಬರುತ್ತದೆ. ಒಟ್ಟು ಕಟ್ಟುವುದು 23 ಲಕ್ಷ 75 ಸಾವಿರದಷ್ಟು. ಅದೇ 15 ವರ್ಷಕ್ಕಾದರೆ ಕಂತು 11,160ರ ಹತ್ತಿರ, ಒಟ್ಟು 20 ಲಕ್ಷ ಚಿಲ್ಲರೆ. ಆದರೂ ನೀನು 20 ವರ್ಷವನ್ನೇ ಕೇಳು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡ ಹಾಕುವಂತಿಲ್ಲವಾದ್ದರಿಂದ, ಬೋನಸ್ಸೋ ಬಾಕಿ ಸಂಬಳವೋ ಬಂದಾಗ ಅಸಲಿಗೆ ಕಟ್ಟಿಕೊಳ್ಳಬಹುದು. ಕೈ ಕಟ್ಟಿದ ತಿಂಗಳಿನಲ್ಲಿ ಸಣ್ಣ ಕಂತು ನಿನ್ನನ್ನು ಕಾಪಾಡುತ್ತದೆ.

ಹೀಗಾದರೆ 22 ಲಕ್ಷದ ಫ್ಲ್ಯಾಟ್ ಕೈಬಿಡಬೇಕಾಗುತ್ತದೆ ಎಂದು ಗೊತ್ತು. ಮೂವತ್ತು ಲಕ್ಷದವರೆಗಿನ ಸಾಲದಲ್ಲಿ ಮನೆಯ ಬೆಲೆಯ ಶೇ. 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಬಿಡುತ್ತದೆ ನಿಜ, ಆದರೆ ನಿನ್ನನ್ನು ತಡೆಯುವುದು ಆ ನಿಯಮವಲ್ಲ, ನಿನ್ನ ಸಂಬಳ. ಹದಿನಾರು ಲಕ್ಷದ ಹಳೆಯ ಒಂದು ಕೋಣೆಯ ಮನೆಯಾದರೆ ಐದು ಲಕ್ಷ ನಿನ್ನದು. ಅದಲ್ಲದೆ ಮುದ್ರಾಂಕ ಶುಲ್ಕ, ನೋಂದಣಿಗಳಿಗೆ ಬ್ಯಾಂಕು ಸಾಲ ಕೊಡುವುದಿಲ್ಲವಾದ್ದರಿಂದ ಇನ್ನೊಂದು ಲಕ್ಷದ ಮೇಲೆ ಎತ್ತಿಡಬೇಕು. ಇದಕ್ಕೆ ಒಡವೆ ಅಡವಿಡಬೇಡ, ಅದೂ ಒಂದು ಸಾಲವಾಗುತ್ತದೆ. ನಿನ್ನ ತಾಯಿ ಹಾಕಿದ ಬಂಗಾರ ಸ್ತ್ರೀಧನ, ಅದರ ಮೇಲೆ ಬೇರೆ ಯಾರಿಗೂ ಹಕ್ಕಿಲ್ಲ, ಬೇಕಿದ್ದರೆ ಮಾರಿಬಿಡು. (ನಿನ್ನಮ್ಮ ನನ್ನ ಮೇಲೆ ಸಿಟ್ಟಾಗುತ್ತಾಳೆ, ಆಗಲಿ.) ತಮ್ಮನನ್ನು ಜೊತೆ ಅರ್ಜಿದಾರನಾಗಿ ಸೇರಿಸುವ ಯೋಚನೆಯಿದ್ದರೆ, ನಾಳೆ ಅವನು ಸ್ವಂತಕ್ಕೆ ಸಾಲ ಕೇಳಿದಾಗ ನಿನ್ನ ಕಂತು ಅವನ ಲೆಕ್ಕದಲ್ಲಿ ಅಡ್ಡ ಬರುತ್ತದೆ ಎಂಬುದನ್ನು ಅವನ ಹೆಂಡತಿಯ ಎದುರಿಗೇ ಹೇಳಿ ಕೇಳು.

ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಬಡ್ಡಿ ಸಹಾಯಧನವಿದೆ. ವಾರ್ಷಿಕ ಆದಾಯ 9 ಲಕ್ಷದೊಳಗಿನವರಿಗೆ, 35 ಲಕ್ಷದೊಳಗಿನ ಮನೆಗೆ, 25 ಲಕ್ಷದೊಳಗಿನ ಸಾಲಕ್ಕೆ ಗರಿಷ್ಠ 1.80 ಲಕ್ಷ ರೂಪಾಯಿ ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. ಆದರೆ ಆ ಯೋಜನೆಯ ಲೆಕ್ಕದಲ್ಲಿ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು ಒಂದೇ ಕುಟುಂಬ. ಆ ಕುಟುಂಬದ ಯಾರ ಹೆಸರಿನಲ್ಲೂ ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು. ಬೇರೆಯಾಗಿ ಬದುಕುತ್ತಿದ್ದರೂ ತೀರ್ಪು ಬರುವವರೆಗೆ ನೀನು ಕಾಗದದ ಮೇಲೆ ಆ ಕುಟುಂಬದವಳೇ. ಆದ್ದರಿಂದ ಆ ಹಣವನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡ, ಸುಳ್ಳು ಪ್ರಮಾಣಪತ್ರವನ್ನಂತೂ ಕೊಡಲೇಬೇಡ.

ಮನೆಯ ಕಾಗದಗಳನ್ನು ಬ್ಯಾಂಕಿನ ವಕೀಲರು ನೋಡುತ್ತಾರೆ. ಇ-ಖಾತಾ (ಆಸ್ತಿಯ ಗಣಕೀಕೃತ ದಾಖಲೆ), ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳ ಪಟ್ಟಿ) ಇಲ್ಲದ ಮನೆಗೆ ಮುಂಗಡ ಕೊಡದಿದ್ದರೆ ಸಾಕು.

ಕೊನೆಗೊಂದು ಮಾತು, ಹೇಳಲು ನನಗೇ ಇಷ್ಟವಿಲ್ಲದ್ದು. ಮನೆ ನಿನ್ನ ಸ್ವಂತ ಸಂಪಾದನೆಯದೇ ಆದರೂ, ವಿಚ್ಛೇದನವಾಗುವ ಮೊದಲು ನಿನಗೇನಾದರೂ ಆಗಿ ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅದು ನಿನ್ನ ಮಗಳಿಗೂ ಅವನಿಗೂ ಸಮನಾಗಿ ಹೋಗುತ್ತದೆ. ಆದಕಾರಣ ಕ್ರಯಪತ್ರ ನೋಂದಣಿಯಾದ ವಾರವೇ ಉಯಿಲನ್ನೂ ಬರೆಸಿಬಿಡು. ಸಾಕ್ಷಿಗೆ ಇಬ್ಬರು ಬೇಕು, ಒಬ್ಬಳಾಗಿ ನಾನು ಬರುತ್ತೇನೆ. ಹಳೆಯ ಸಾಲದ ಮಂಜೂರಾತಿ ಪತ್ರದ ನಕಲನ್ನು ಈ ವಾರವೇ ನನಗೆ ಕಳುಹಿಸು. ಅದರಲ್ಲಿ ನೀನು ಸಹ-ಸಾಲಗಾರಳೋ ಬರೀ ಜಾಮೀನುದಾರಳೋ ಎಂಬುದನ್ನು ಮೊದಲು ನೋಡಬೇಕು.

ಇಂತಿ ನಿನ್ನ,
ದೊಡ್ಡಮ್ಮ